ಮೊಮ್ಮಗಳಿಗೆ ಉಣ್ಣಿಸಲು ಇಂಗ್ಲೆಂಡಿಗೆ ಹೋದದ್ದು

ಖಾನಾಪುರ

ನಾನು ಖಾನಾಪುರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ದಿನಾ ನೂರಾನಲವತ್ತು ಮಕ್ಕಳಿಗೆ ಉಣ್ಣಿಸುತ್ತೇನೆ. ಅಂಥವಳನ್ನು ಒಂದೇ ಒಂದು ಮಗುವಿಗೆ ಉಣ್ಣಿಸಲು ಸಮುದ್ರ ದಾಟಿಸಿ ಕರೆಸಿಕೊಂಡರು.

ಹೋಗಿ ಬಂದ ಮೇಲೆ ನಮ್ಮ ಮುಖ್ಯೋಪಾಧ್ಯಾಯಿನಿ, ನಾವು ಹೆಡ್ ಅಕ್ಕೋರು ಅನ್ನುವವರು, "ಗಂಗವ್ವ, ಸಾಲಿ ಪುಸ್ತಕಕ್ಕ ಒಂದೀಟು ಬರದ ಕೊಡು. ನಮ್ಮ ಸಾಲಿಯಿಂದ ಫಾರಿನ್ನಿಗಿ ಹೋದಾಕಿ ನೀ ಒಬ್ಬಾಕಿನ" ಅಂದರು. ಬರೆದಿದ್ದೇನೆ. ಲಂಡನ್ ಹೇಗಿದೆ, ಅರಮನೆ ಹೇಗಿದೆ ಅಂತ ಯಾರೂ ಕೇಳಬೇಡಿ. ನಾನು ನೋಡಿಲ್ಲ. ನಾನು ನೋಡಿದ್ದು ಒಂದು ಆಸ್ಪತ್ರೆಯ ಹಿಂದಿನ ಓಣಿ, ಒಂದು ಶಾಲೆ, ಆ ಶಾಲೆಯ ಊಟದ ಕೋಣೆ.

ನನ್ನ ಮಗಳು ಸವಿತಾ ಬೆಳಗಾವಿಯಲ್ಲಿ ನರ್ಸ್ ಕಲಿತು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಮಗಳು ಪೂರ್ವಿಗೆ ಏಳು ವರ್ಷ. ಬೇಸಿಗೆ ರಜೆಗೆ ಮುಂಚೆ ಸವಿತಾ ಫೋನ್ ಮಾಡಿದಳು.

"ಅವ್ವ, ಪೂರ್ವಿ ಸಾಲ್ಯಾಗ ಊಟಾನ ಮಾಡವಲ್ಲಳು. ಮೂರು ತಿಂಗಳಾತು. ಸಾಲಿಯವರು ಚೀಟಿ ಕಳ್ಸ್ಯಾರ. ತೂಕ ಇಳದೈತಿ. ನೀ ಬಂದು ನೋಡು."

"ನಾ ಬಂದು ಏನ್ ನೋಡ್ಲಿ? ಊರಮಂದಿಗೆಲ್ಲಾ ಗುಳಿಗಿ ನುಂಗಸ್ತಿ, ಮಗಳಿಗೊಂದು ತುತ್ತು ನುಂಗಸಾಕ ಬರೂದಿಲ್ಲೇನು ನಿನಗ?"

"ಮನ್ಯಾಗ ಉಣ್ತಾಳವ್ವ. ಸಾಲ್ಯಾಗ ಅಷ್ಟ ಉಣಂಗಿಲ್ಲ. ಯಾಕಂತ ಕೇಳಿದ್ರ ಬಾಯಿ ಬಿಡಂಗಿಲ್ಲ."

ಮನೆಯಲ್ಲಿ ಉಂಡು ಶಾಲೆಯಲ್ಲಿ ಉಣ್ಣದ ಮಕ್ಕಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅದು ಹೊಟ್ಟೆಯ ರೋಗವಲ್ಲ. ಒಪ್ಪಿಕೊಂಡೆ. ವೀಸಾದ ಕಚೇರಿಯಲ್ಲಿ ಮಷಿನ್ನಿನ ಮೇಲೆ ಬೆರಳಿಟ್ಟರೆ ಗುರುತೇ ಬರಲಿಲ್ಲ. ಇಷ್ಟು ವರ್ಷ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿದ ಬೆರಳು, ಗೆರೆ ಎಲ್ಲಿ ಉಳಿಯಬೇಕು? ಅಲ್ಲಿದ್ದ ಹುಡುಗಿ ಹತ್ತು ಸಲ ಒರೆಸಿ ಒತ್ತಿಸಿದಳು. ಹನ್ನೊಂದನೆಯ ಸಲ ಮಷಿನ್ ತಾನೇ ಬೇಸತ್ತು ಹೂಂ ಅಂದಿತು.

ಮಹಾಂತೇಶ ನಗರದಿಂದ ವಿಮಾನಕ್ಕೆ

ಬೀಗರ ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ. ಹೊರಡುವ ದಿನ ಅಲ್ಲಿ ಉಂಡು ಹೋಗಬೇಕೆಂದು ಹಟ. ಉಣ್ಣಿಸಿದ್ದಲ್ಲದೆ ಬೀಗಿತ್ತಿ ನನ್ನ ಚೀಲ ಬಿಚ್ಚಿ, ನಾಲ್ಕು ಸೀರೆಯಲ್ಲಿ ಎರಡನ್ನು ತೆಗೆದು, ಆ ಜಾಗಕ್ಕೆ ಶೇಂಗಾ ಚಟ್ನಿಪುಡಿ ತುಂಬಿದರು.

"ನಿಮ್ಮ ಅಳಿಯಗ ಇದಿಲ್ಲಂದ್ರ ಒಪ್ಪತ್ತು ಹೋಗಂಗಿಲ್ರಿ" ಅಂದರು.

"ಹಂಗಾರ ಇಷ್ಟು ವರ್ಷ ಅಲ್ಲೆ ಹೆಂಗ ಬದುಕ್ಯಾನ್ರಿ?" ಅಂದೆ. ಅವರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು.

ಭಾಷೆ ಬರದ ಮುದುಕಿ ದಾರಿ ತಪ್ಪಬಾರದು ಅಂತ ಸವಿತಾ ನನಗೆ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬರೆಸಿದ್ದಳು. ಕಾಲು ಗಟ್ಟಿ ಇರುವವಳು ನಾನು, ಕುರ್ಚಿಯಲ್ಲಿ ಯಾಕೆ ಕೂಡಲಿ? ತಳ್ಳುವ ಹುಡುಗಿ ಬಿಡಲೊಲ್ಲಳು, ನಾನು ಕೂಡಲೊಲ್ಲೆ. ಕಡೆಗೆ ಶೇಂಗಾ ಚಟ್ನಿಯ ಚೀಲ ಕುರ್ಚಿಯಲ್ಲಿ ಕೂತಿತು, ನಾನು ಬಾಜುಕ್ಕೆ ನಡೆದೆ. ಎಲ್ಲ ಬಾಗಿಲಲ್ಲೂ ಜನ ಚೀಲಕ್ಕೆ ದಾರಿ ಬಿಟ್ಟರು.

ವಿಮಾನದಲ್ಲಿ ಇನ್ನೊಂದು. ನಾವು ಲಿಂಗವಂತರು, ಮಾಂಸ, ಕೋಳಿಯ ತತ್ತಿ ಮುಟ್ಟುವವರಲ್ಲ. ಅಳಿಯ ಟಿಕೆಟ್ ಮಾಡುವಾಗ ಊಟದ ಪಟ್ಟಿಯಲ್ಲಿ "ಹಿಂದೂ ಊಟ" ಅಂತ ಇದ್ದದ್ದನ್ನು ಒತ್ತಿದ್ದ. ಮುಚ್ಚಳ ತೆಗೆದರೆ ಕೋಳಿ. ಬಡಿಸುವ ಹುಡುಗಿಯನ್ನು ಕರೆದು ಬೇಡವೆಂದು ಕೈ ಆಡಿಸಿದೆ. ಅವಳು ಚೀಟಿ ತೋರಿಸಿ "ಹಿಂದೂ" ಅಂದಳು. ನಾನೂ ಎದೆ ಮುಟ್ಟಿಕೊಂಡು "ಹಿಂದೂ" ಅಂದೆ. ಅವಳು ಮತ್ತೆ ತಟ್ಟೆ ಮುಂದೆ ಮಾಡಿದಳು. ಹೀಗೇ ಮೂರು ಸಲ ನಡೆಯಿತು. ಏನು ತಿನ್ನುತ್ತೀ ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಚೀಟಿ ನೋಡುವವರು ಕೇಳುವುದಿಲ್ಲ. ಎರಡು ತುಂಡು ಬ್ರೆಡ್ ತಿಂದು ಇಂಗ್ಲೆಂಡಿನಲ್ಲಿ ಇಳಿದೆ.

ಆಸ್ಪತ್ರೆಯ ಹಿಂದಿನ ಓಣಿ

ಆ ಊರಿನಲ್ಲಿ ಎಲ್ಲರೂ ಸಾರಿ ಅನ್ನುತ್ತಾರೆ. ನಾನೇ ಹೋಗಿ ಅವರ ಕಾಲು ತುಳಿದರೂ ಅವರೇ ಸಾರಿ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಅನ್ನುತ್ತ ನಿಂತರೆ ಸಂಜೆಯ ತನಕ ಬಸ್ಸು ಸಿಗಲಿಕ್ಕಿಲ್ಲ. ನಾಯಿಯ ಹಿಂದೆ ಚೀಲ ಹಿಡಿದು ನಡೆಯುತ್ತಾರೆ, ಅದು ಕೂತಲ್ಲಿ ಬಗ್ಗಿ ತುಂಬಿಕೊಳ್ಳುತ್ತಾರೆ. ಮಳೆ ಬಂತು ಮಳೆ ಬಂತು ಅಂತ ದಿನಾ ಗೊಣಗುತ್ತಾರೆ. ನಮ್ಮ ಜಾಂಬೋಟಿ ಕಡೆಯ ಮಳೆ ಕಂಡವರಿಗೆ ಅದು ಮಳೆಯಲ್ಲ. ಮೇಲಿನ ಮನೆಯವರು ಹಸಿ ಬಟ್ಟೆ ಝಾಡಿಸಿದ ಹಾಗೆ.

ಪೂರ್ವಿ ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟು ಬಂದವಳು ಶೂ ಬಿಚ್ಚುವ ಮುಂಚೆ ಅಡಿಗೆ ಮನೆಗೆ ಬಂದಳು. ಎರಡು ಚಪಾತಿ, ಪಲ್ಯ, ಮೇಲೆ ಮೊಸರನ್ನ. ಕರು ಕಣ್ಣಿ ಹರಿದುಕೊಂಡು ಬಂದ ಹಾಗೆ ಉಂಡಳು.

"ಸಾಲ್ಯಾಗ ಏನ್ ಕೊಟ್ಟಿದ್ರು?" ಅಂದೆ.

"ಆಲೂಗಡ್ಡಿ. ಬೀನ್ಸ್."

"ಹಳಸಿತ್ತೇನು?"

"ಇಲ್ಲ ಆಯಿ. ಚಲೋ ಇತ್ತು."

"ಮತ್ತ ಯಾಕ ಉಣ್ಣಲಿಲ್ಲ?"

ತಾಟು ನೆಕ್ಕುತ್ತ ಕೂತಳು. ನಾನು ಮತ್ತೆ ಕೇಳಲಿಲ್ಲ. ಚಲೋ ಇದ್ದ ಊಟ ಹಸಿದ ಮಗು ಬಿಡುತ್ತದೆಂದರೆ ತಪ್ಪು ತಾಟಿನಲ್ಲಿಲ್ಲ. ಹೋಗಿ ಕಣ್ಣಾರೆ ನೋಡಬೇಕು.

ಶಾಲೆಯ ಗೇಟು

ನೋಡಲು ದಾರಿ ಅವರೇ ಮಾಡಿಕೊಟ್ಟರು. ಆ ಶಾಲೆಯಲ್ಲಿ ಆ ವಾರ ಸಮಾನತೆಯ ವಾರ. ಬೇರೆ ಬೇರೆ ದೇಶದ ಅಜ್ಜಿಯರು ಬಂದು ಮಕ್ಕಳೊಡನೆ ಮಾತಾಡಿ, ಮಧ್ಯಾಹ್ನ ಅಲ್ಲೇ ಉಣ್ಣಬೇಕೆಂದು ಕಾಗದ ಬಂತು. ನಿಮ್ಮ ದೇಶದ ಉಡುಪಿನಲ್ಲಿ ಬನ್ನಿ ಅಂತ ಬರೆದಿತ್ತು. ನನಗೆ ಇನ್ನೊಂದು ಉಡುಪು ಎಲ್ಲಿದೆ? ಬೀಗಿತ್ತಿ ಉಳಿಸಿದ ಎರಡು ಸೀರೆಯಲ್ಲಿ ಒಂದನ್ನು ಉಟ್ಟು ಹೋದೆ.

ಹೊಸ ಜಾಗಕ್ಕೆ ಬರಿಗೈಯಲ್ಲಿ ಹೋಗಬಾರದೆಂದು ಶೇಂಗಾ ಚಟ್ನಿಯ ಡಬ್ಬಿ ಹಿಡಿದಿದ್ದೆ. ಗೇಟಿನಲ್ಲಿ ಕಚೇರಿಯ ಹೆಂಗಸು ಡಬ್ಬಿ ಮೂಸಿ ಎರಡು ಹೆಜ್ಜೆ ಹಿಂದೆ ಸರಿದಳು.

"ಆಯಿ, ಶೇಂಗಾ ಒಳಗ ತರಂಗಿಲ್ಲಂತ" ಅಂದಳು ಪೂರ್ವಿ. "ಕೆಲವು ಹುಡುಗೂರಿಗೆ ಅದು ಆಗಂಗಿಲ್ಲ. ಉಸಿರ ಹೋಗ್ತೈತಿ."

"ಶೇಂಗಾ ತಿಂದು ಉಸಿರು ಹೋಗತೈತೇನು? ನಮ್ಮ ಕಡೆ ಶೇಂಗಾ ತಿಂದ ಉಸಿರ ಬಂದೈತಿ."

ಪೂರ್ವಿ ಇದನ್ನು ಇಂಗ್ಲಿಷಿಗೆ ಮಾಡಲಿಲ್ಲ. ನನ್ನ ಹತ್ತು ಮಾತಿಗೆ ಅವಳು ಒಂದು ಮಾತು ಹೇಳುತ್ತಿದ್ದಳು, ಅದೂ ನಗುತ್ತ. ಡಬ್ಬಿಯನ್ನು ಗೇಟಿನ ಹೊರಗೆ ಗೋಡೆಯ ಮೇಲಿಟ್ಟು, ನನ್ನ ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆಸಿ ಒಳಗೆ ಬಿಟ್ಟರು.

ಒಳಗೆ ಗೋಡೆ ತುಂಬ ಚಿತ್ರ. ಕರಿ ಕೈ, ಬಿಳಿ ಕೈ, ಗೋಧಿ ಬಣ್ಣದ ಕೈ, ಎಲ್ಲ ಒಂದನ್ನೊಂದು ಹಿಡಿದಿವೆ. ಈ ಶಾಲೆಯಲ್ಲಿ ಹದಿನೇಳು ಭಾಷೆಯ ಮಕ್ಕಳಿದ್ದಾರೆ ಅಂತ ದೊಡ್ಡ ಬೋರ್ಡು. ನಮ್ಮ ಶಾಲೆಯಲ್ಲಿ ಮಕ್ಕಳು ಕನ್ನಡದಲ್ಲಿ ಪಾಠ ಓದಿ ಮರಾಠಿಯಲ್ಲಿ ಜಗಳಾಡುತ್ತಾರೆ, ಅದಕ್ಕೆ ಯಾರೂ ಬೋರ್ಡು ಹಾಕಿಲ್ಲ. ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ನಮ್ಮ ಕಡೆಯ ಮಾತಿನಲ್ಲಿ ಹೆಡ್ ಬಾಯಿ, ಬಂದು ನನ್ನ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಫೋಟೋ ಹಿಡಿದರು. ಕೈಚಿತ್ರದ ಮುಂದೆ ನಿಲ್ಲಿಸಿ ಮತ್ತೆ ಹಿಡಿದರು. ತರಗತಿಯಲ್ಲಿ ಮಕ್ಕಳು ಮೂಗು ಯಾಕೆ ಚುಚ್ಚಿಸಿಕೊಂಡೆ, ಸೀರೆ ಬಿಚ್ಚಿದರೆ ಎಷ್ಟು ಉದ್ದ ಅಂತ ಕೇಳಿದರು. ಉತ್ತರ ಹೇಳಿದೆ. ಅಷ್ಟರಲ್ಲಿ ಊಟದ ಗಂಟೆ ಆಯಿತು.

ಊಟದ ಕೋಣೆ

ದೊಡ್ಡ ಕೋಣೆ. ಉದ್ದುದ್ದ ಮೇಜು, ಕೂಡಲು ಬಾಕು. ಇನ್ನೂರು ಮಕ್ಕಳು, ತಟ್ಟೆ ಹಿಡಿದು ಸಾಲಿನಲ್ಲಿ ಬಂದು ಬಡಿಸಿಕೊಂಡು ಹೋಗಿ ಕೂತು ಗದ್ದಲ ಮಾಡುತ್ತಿದ್ದರು. ಗದ್ದಲ ಕೇಳಿ ಮೊದಲ ಸಲ ನನಗೆ ಊರಿನ ಹಾಗೆ ಅನಿಸಿತು.

ಬಾಗಿಲ ಹತ್ತಿರ, ಉಳಿದದ್ದು ಚೆಲ್ಲುವ ಡಬ್ಬದ ಬಾಜುಕ್ಕೆ, ಒಂದು ಸಣ್ಣ ಮೇಜು. ಅಲ್ಲಿ ನಾಲ್ಕು ಮಕ್ಕಳು, ನಾಲ್ವರ ಮಣಿಕಟ್ಟಿಗೂ ಹಳದಿ ಪಟ್ಟಿ. ಒಬ್ಬನಿಗೆ ಹಾಲು ಆಗುವುದಿಲ್ಲ, ಒಬ್ಬನಿಗೆ ಗೋಧಿ ಆಗುವುದಿಲ್ಲ. ಒಬ್ಬಳು ಸಾಬರ ಹುಡುಗಿ, ಅವಳ ಮಾಂಸ ಬೇರೆ. ನಾಲ್ಕನೆಯವಳು ನನ್ನ ಮೊಮ್ಮಗಳು. ನಾಲ್ವರೂ ಬೇರೆ ಬೇರೆ ತರಗತಿಯವರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪೂರ್ವಿ ಆಲೂಗಡ್ಡೆಯನ್ನು ಫೋರ್ಕಿನಿಂದ ಹೊಲ ಹರಗಿದ ಹಾಗೆ ಹರಗುತ್ತಿದ್ದಳು, ಬಾಯಿಗಿಡುತ್ತಿರಲಿಲ್ಲ. ಅವಳ ಕಣ್ಣು ಮೂರನೆಯ ಉದ್ದ ಮೇಜಿನ ಮೇಲೆ. ಅಲ್ಲಿ ಅವಳ ಗೆಳತಿ ಎಲ್ಸಿ, ಕೆಂಪು ಕೂದಲಿನ ಹುಡುಗಿ, ಬೇರೆಯವರ ಜೊತೆ ನಗುತ್ತ ಉಣ್ಣುತ್ತಿದ್ದಳು.

ಸಣ್ಣ ಮೇಜಿನ ಮೇಲಿನ ಗೋಡೆಯಲ್ಲೂ ಕೈ ಹಿಡಿದ ಕೈಗಳ ಚಿತ್ರವೇ.

ನನಗೆ ತಲೆ ತಿರುಗಿಹೋಯಿತು. ಪೂರ್ವಿಯ ತಟ್ಟೆ ಎತ್ತಿಕೊಂಡು, ಅವಳ ರಟ್ಟೆ ಹಿಡಿದು ಮೂರನೆಯ ಮೇಜಿಗೆ ನಡೆದೆ. ಅರ್ಧ ದಾರಿಯಲ್ಲಿ ಬಡಿಸುವ ಹೆಂಗಸು ಅಡ್ಡ ಬಂದಳು. ಹೆಸರು ಪ್ಯಾಟ್. ನನ್ನದೇ ವಯಸ್ಸು, ನನ್ನ ಹಾಗೇ ಮೊಣಕೈ ತನಕ ಸುಟ್ಟ ಕಲೆ.

"ಕೇಳಾಕಿನ್ನ, ನನ್ನ ಮೊಮ್ಮಗಳಿಗೇನು ಹುರುಕೈತೇನು, ದೂರ ಕುಂದ್ರಿಸ್ಯಾಳ?" ಅಂದೆ ಪೂರ್ವಿಗೆ. "ಇದನ್ನ ಪೂರಾ ಹೇಳು. ಕಡಿಮಿ ಮಾಡಬ್ಯಾಡ."

ಪೂರ್ವಿ ಏನು ಹೇಳಿದಳೋ. ಪ್ಯಾಟಳ ಮುಖ ಕೆಂಪಗಾಯಿತು. ಸೌಟು ಹಿಡಿದ ಕೈಯಿಂದಲೇ ಇನ್ನೂರು ಮಕ್ಕಳನ್ನು ತೋರಿಸಿ, ತನ್ನನ್ನು ತೋರಿಸಿಕೊಂಡು ಗಡಗಡ ಮಾತಾಡಿದಳು.

"ಆಕಿ ಒಬ್ಬಾಕಿನ ಇಷ್ಟ ಮಂದಿಗೆ ನೀಡ್ತಾಳಂತ" ಅಂದಳು ಪೂರ್ವಿ. "ಒಮ್ಮಿ ಯಾರಿಗೋ ಆಗದ್ದು ತಾಟಿನ್ಯಾಗ ಬಿತ್ತಂತ. ಅವರ ಅವ್ವ ಬಂದು ಜಗಳ ಮಾಡಿದ್ಲಂತ. ಅದಕ್ಕ ಎಲ್ಲಾರ್ನೂ ಒಂದ ಕಡೆ ಕುಂದ್ರಿಸಿದ್ರ ಕಣ್ಣಿಗಿ ಕಾಣ್ತಾರ, ತಪ್ಪಾಗಂಗಿಲ್ಲಂತ. ಬ್ಯಾರೆ ಏನಿಲ್ಲಂತ."

ಆ ಮಾತು ನನ್ನದು. ವರುಷಗಟ್ಟಲೆ ನಾನೇ ಆಡಿದ್ದು.

ನಮ್ಮ ಶಾಲೆಯ ಊಟದ ಸಾಲು ಇದನ್ನು ಓದುವ ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸರ್ಕಾರ ಮಕ್ಕಳಿಗೆ ತತ್ತಿ ಕೊಡುತ್ತದೆ, ತತ್ತಿ ತಿನ್ನದವರಿಗೆ ಬಾಳೆಹಣ್ಣು. ಶುರುವಿನಲ್ಲಿ ಎಲ್ಲರೂ ಒಟ್ಟಿಗೆ ಕೂಡುತ್ತಿದ್ದರು. ಒಂದು ದಿನ ಅವಸರದಲ್ಲಿ ಒಬ್ಬ ಲಿಂಗವಂತರ ಹುಡುಗಿಯ ತಾಟಿಗೆ ತತ್ತಿ ಬಿತ್ತು. ಅವಳ ಅಪ್ಪ ಬಂದು ಅಡಿಗೆ ಕೋಣೆಯ ಮುಂದೆ ನಿಂತು ಕೂಗಾಡಿದ. ಮರುದಿನ ನಾನು ತತ್ತಿಯವರನ್ನು ಕಂಪೌಂಡಿನ ಗೋಡೆಯ ಹತ್ತಿರ, ಹಣ್ಣಿನವರನ್ನು ಪಡಸಾಲೆಯಲ್ಲಿ ಕೂರಿಸಿದೆ. ತಪ್ಪಾಗಬಾರದು ಅಂತ. ಬೇರೆ ಏನಿಲ್ಲ. ಆಮೇಲೆ ಪಡಸಾಲೆಯವರು ಮನೆಯಿಂದ ತಮ್ಮ ತಾಟು ತರತೊಡಗಿದರು. ಆಮೇಲೆ ಮಳೆ ಬಂದರೂ ಗೋಡೆಯವರು ಪಡಸಾಲೆ ಹತ್ತುವುದನ್ನು ಬಿಟ್ಟರು. ಯಾರು ಕೇರಿಯವರು, ಯಾರು ಮೇಲಿನ ಓಣಿಯವರು ಅಂತ ನಾನು ಯಾವತ್ತೂ ವಿಂಗಡಿಸಿದವಳಲ್ಲ. ತತ್ತಿ ವಿಂಗಡಿಸಿದೆ, ಅಷ್ಟಕ್ಕೇ ಅದೂ ಆಗಿಹೋಯಿತು. ನಾನು ನೋಡುತ್ತ ಬೇಳೆ ಬಡಿಸಿದೆ.

ಪೂರ್ವಿಯ ತಟ್ಟೆಯನ್ನು ಸಣ್ಣ ಮೇಜಿಗೇ ಒಯ್ದು ಇಟ್ಟೆ. ಅವಳು ನನ್ನ ಮುಖ ನೋಡಿದಳು. ನಾನು ಫೋರ್ಕನ್ನು ಅವಳ ಕೈಗೆ ಕೊಟ್ಟೆ.

ಗುರುವಾರ

ಮರುದಿನ ಶಾಲೆ ಬಿಟ್ಟಾಗ ಹೆಡ್ ಬಾಯಿ ಗೇಟಿನಲ್ಲೇ ಕಾಯುತ್ತಿದ್ದಳು. ಸವಿತಾಳನ್ನು ಡ್ಯೂಟಿಯಿಂದ ಕರೆಸಿದ್ದರು. ಪೂರ್ವಿ ಹಳದಿ ಪಟ್ಟಿಯನ್ನು ಬಿಚ್ಚಿ ಕಾಲುಚೀಲದೊಳಗೆ ಇಟ್ಟುಕೊಂಡು, ದೊಡ್ಡ ಸಾಲಿನಲ್ಲಿ ನಿಂತು, ಎಲ್ಲರಿಗೂ ನೀಡಿದ ಹಂದಿ ಮಾಂಸದ ಸಾಸೇಜನ್ನು ನೀಡಿಸಿಕೊಂಡು, ಎಲ್ಸಿಯ ಬಾಜುಕ್ಕೆ ಕೂತು ಎರಡೂ ತುಂಡು ತಿಂದಿದ್ದಳು. ತಟ್ಟೆಯಲ್ಲಿ ಒಂದು ಚೂರೂ ಉಳಿದಿರಲಿಲ್ಲವಂತೆ.

ಸವಿತಾ ಅಳಲು ಶುರು ಮಾಡಿದಳು. ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದ್ದಲ್ಲ. ಮಗುವನ್ನು ಬಾಜುಕ್ಕೆ ಕರೆದು ಕೇಳಿದೆ.

"ಹೆಂಗಿತ್ತು?"

"ಉಪ್ಪ ಭಾಳ ಆಗಿತ್ತು."

"ಮತ್ತ ತಿಂತೀಯೇನು?"

"ಎಲ್ಸಿ ಬಾಜುಕ ಕುಂದ್ರಬೇಕಂದ್ರ ತಿಂತೀನಿ."

ಹೋದ ವರ್ಷ ನಮ್ಮ ಶಾಲೆಯ ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, "ಗಂಗಾಯಿ, ನಾ ತತ್ತಿ ಬಿಟ್ಟೀನಿ, ನನಗೂ ಹಣ್ಣ ಕೊಡ್ರಿ, ಪಡಸಾಲ್ಯಾಗ ಕುಂದರ್ತೀನಿ" ಅಂದಿದ್ದಳು. ಅವಳ ಗೆಳತಿ ಪಡಸಾಲೆಯವಳು. ನಾನು, "ನಿಮ್ಮನ್ಯಾಗ ಎಲ್ಲಾ ತಿಂತೀರಿ, ಸುಳ್ಳ ಯಾಕ ಹೇಳ್ತಿ, ಹೋಗ ಆ ಕಡೆ" ಅಂತ ಸೌಟು ತೋರಿಸಿ ಕಳಿಸಿದೆ. ಆ ಹುಡುಗಿಯ ಹೆಸರು ಬರೆಯುವುದಿಲ್ಲ. ಅವಳಿಗೆ ಗೊತ್ತು. ಅವಳೂ ಇದನ್ನು ಓದುತ್ತಾಳೆ.

ಹೆಡ್ ಬಾಯಿ ಮೂರು ಸಲ ಸಾರಿ ಹೇಳಿದಳು. ಪ್ಯಾಟ್ ಮೇಲೆ ವಿಚಾರಣೆ ಮಾಡುತ್ತೇವೆ ಅಂದಳು.

"ಸವಿತಾ, ಅಳೂದ ಬಿಟ್ಟು ಹೇಳು," ಅಂದೆ. "ಆ ಹೆಂಗಸಿಂದೇನೂ ತಪ್ಪಿಲ್ಲ. ಆ ಸಣ್ಣ ಮೇಜ ತಗೀರಂತ ಹೇಳು. ಕೈಯಾಗ ಪಟ್ಟಿ ಐತಲ್ಲ, ಸಾಕಾತು."

ಹೆಡ್ ಬಾಯಿ ತಲೆ ಆಡಿಸಿ ಬರೆದುಕೊಂಡಳು. ಬಹಳ ಒಳ್ಳೆಯ ಸಲಹೆ, ಸಮಾನತೆಯ ಸಮಿತಿ ಜೂನ್ ಕೊನೆಗೆ ಕೂಡುತ್ತದೆ, ಆಗ ಮುಂದಿಡುತ್ತೇನೆ ಅಂದಳು. ಮೇ ತಿಂಗಳ ನಡುವೆ ನಿಂತು ಜೂನ್ ಕೊನೆಯ ಮಾತು. ಒಂದು ಮೇಜು ಎತ್ತಲು ಇಬ್ಬರು ಸಾಕು, ಸಮಿತಿ ಯಾಕೆ? ಹಾಗಾದರೆ ನಾಳೆ ನಾನೇ ಬಂದು ಬಡಿಸಲು ನಿಲ್ಲುತ್ತೇನೆ ಅಂದೆ. ಅದಕ್ಕೆ ಪೊಲೀಸರ ಕಾಗದ ಬೇಕಂತೆ. ನೂರಾನಲವತ್ತು ಮಕ್ಕಳಿಗೆ ಉಣ್ಣಿಸುವವಳು ಅಲ್ಲಿ ಸೌಟು ಮುಟ್ಟಬೇಕಾದರೆ ಪೊಲೀಸರು ಹೂಂ ಅನ್ನಬೇಕು.

ಬೇಲಿಯ ಹತ್ತಿರ

ಶುಕ್ರವಾರ ಊಟಕ್ಕೆ ಮುಂಚೆ ಹೋಗಿ ಅಡಿಗೆ ಕೋಣೆಯ ಹಿಂದಿನ ತಂತಿಬೇಲಿಯ ಹತ್ತಿರ ನಿಂತೆ. ಅಲ್ಲಿ ನಿಲ್ಲಲು ಯಾರ ಕಾಗದವೂ ಬೇಡ. ಪ್ಯಾಟ್ ಕಸ ಚೆಲ್ಲಲು ಹೊರಗೆ ಬಂದವಳು ನನ್ನನ್ನು ನೋಡಿದಳು. ಬೈಯಲು ಬಂದಿದ್ದೇನೆ ಅಂದುಕೊಂಡಳೋ ಏನೋ, ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಬೇಲಿಗೆ ಬಂದಳು.

ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ನಾನು ನನ್ನ ಬಳೆ ಹಿಡಿದು ಪಟ್ಟಿ ಅಂತ ತೋರಿಸಿದೆ. ನಾಲ್ಕು ಬೆರಳು ಎತ್ತಿ, ಎಲ್ಲರಿಗಿಂತ ಮೊದಲು ಅವರು ಅಂತ ನೆಲದ ಮೇಲೆ ಗೆರೆ ಎಳೆದೆ. ನಾಲ್ವರಿಗೆ ಬಡಿಸುವ ಹಾಗೆ ಮಾಡಿ, ಆಮೇಲೆ ನಾಲ್ಕು ಬೆರಳನ್ನು ನಾಲ್ಕು ದಿಕ್ಕಿಗೆ ಓಡಿಸಿದೆ. ಇನ್ನುಳಿದವರು ಆಮೇಲೆ. ಮೊದಲೇ ನೀಡಿ ಕಳಿಸಿದ ಮೇಲೆ ತಪ್ಪು ತಾಟು ಎಲ್ಲಿಂದ ಬರಬೇಕು?

ಪ್ಯಾಟ್ ನಾನು ಎಳೆದ ಗೆರೆ ನೋಡಿದಳು. ಬಾಯಿಯಲ್ಲೇ ಲೆಕ್ಕ ಹಾಕಿದಳು. ಒಂದು ಮಗು ಇನ್ನೊಂದರ ತಟ್ಟೆಗೆ ಕೈ ಹಾಕಿ ತಿಂದರೆ ಅಂತ ಕೈಯಲ್ಲೇ ಮಾಡಿ ತೋರಿಸಿದಳು. ಸರಿಯಾದ ಪ್ರಶ್ನೆ. ಅಡಿಗೆ ಮಾಡುವವರಿಗೇ ಹೊಳೆಯುವಂಥದು. ನಾನು ಹುಬ್ಬು ಗಂಟಿಕ್ಕಿ, ಕಣ್ಣಿನತ್ತ ಎರಡು ಬೆರಳು ತೋರಿಸಿ, ಸೊಂಟದ ಮೇಲೆ ಕೈಯಿಟ್ಟು ಬಾಕುಗಳ ನಡುವೆ ನಡೆದಾಡುವ ಹಾಗೆ ಮಾಡಿದೆ. ಅವಳು ನಕ್ಕಳು. ಒಳಗೆ ಹೋದಳು. ಕಿಟಕಿಯಲ್ಲಿ ಕಂಡಿತು: ಸಣ್ಣ ಮೇಜಿನ ಕಾಲು ಮಡಚಿ, ಒಬ್ಬಳೇ ಎತ್ತಿ, ಗೋಡೆಗೆ ಒರಗಿಸಿದಳು.

ಮೂರೂವರೆಗೆ ಪೂರ್ವಿ ಬಂದು ಮೊದಲು ಶೂ ಬಿಚ್ಚಿದಳು.

"ಏನ್ ಉಂಡಿ?"

"ಆಲೂಗಡ್ಡಿ, ಬಟಾಣಿ. ಎಲ್ಸಿ ಬಟಾಣಿನೂ ನಾನ ತಿಂದೆ. ಆಕಿಗಿ ಸೇರಂಗಿಲ್ಲ."

"ಚಪಾತಿ ಕೊಡ್ಲೇನು?"

"ಬ್ಯಾಡ ಆಯಿ, ಹೊಟ್ಟಿ ತುಂಬೈತಿ."

ಒಂದು ವಾರ ದಿನಾ ಕೇಳಿದೆ. ದಿನಾ ಅದೇ ಉತ್ತರ. ನನ್ನ ಕೆಲಸ ಮುಗಿದಿತ್ತು. ಇಲ್ಲಿ ಶಾಲೆ ಶುರುವಾಗುವ ಹೊತ್ತಾಗಿತ್ತು, ಹೊರಟು ಬಂದೆ.

ಅಡಿಗೆ ಕೋಣೆ

ಈ ವರ್ಷ ಶಾಲೆ ಶುರುವಾದ ದಿನದಿಂದ ಬಾಗಿಲಲ್ಲೇ ನಿಂತು ಮೊದಲು ಬಾಳೆಹಣ್ಣು ಕೊಡುತ್ತಿದ್ದೇನೆ. ತಾಟಿನಲ್ಲಿ ಹಣ್ಣಿದ್ದವರಿಗೆ ತತ್ತಿ ಇಲ್ಲ, ಹಣ್ಣಿಲ್ಲದವರಿಗೆ ತತ್ತಿ. ಕೂಡುವುದು ಎಲ್ಲರೂ ಪಡಸಾಲೆಯಲ್ಲಿ, ಬಂದ ಹಾಗೆ. ತಾಟು ಶಾಲೆಯದು.

ಮೊದಲ ದಿನ ಒಂಬತ್ತು ಮಕ್ಕಳು ಉಣ್ಣದೆ ಮನೆಗೆ ಹೋದರು. ಮರುದಿನ ಮೇಲಿನ ಓಣಿಯ ಇಬ್ಬರು ಅಪ್ಪಂದಿರು ಬಂದರು.

"ಗಂಗವ್ವ, ನೀ ನಮ್ಮಾಕಿ ಆಗಿ ಹಿಂಗ ಮಾಡ್ತಿಯೇನ?" ಅಂದ ಒಬ್ಬ.

"ನಿನ್ನ ಮಗಳ ತಾಟಿನ್ಯಾಗ ತತ್ತಿ ಬಿದ್ರ ಬಂದು ನನ್ನ ಕಪಾಳಕ್ಕ ಹೊಡಿ. ಬಾಜುಕ ಯಾರು ಕುಂತಾರಂತ ಕೇಳಾಕ ಬರಬ್ಯಾಡ" ಅಂದೆ.

ಈಗ ಮೂವರು ಮಕ್ಕಳು ಮನೆಯಿಂದ ಡಬ್ಬಿ ತರುತ್ತಾರೆ. ತರಲಿ, ಡಬ್ಬಿಯವರೂ ಆ ಸಾಲಿನಲ್ಲೇ ಕೂಡುತ್ತಾರೆ. ಇದನ್ನು ಓದಿ ಸಿಟ್ಟು ಬಂದವರು ಹೆಡ್ ಅಕ್ಕೋರ ಹತ್ತಿರ ಹೋಗಬೇಡಿ, ಅವರು ಸಭೆ ಕರೆಯುತ್ತಾರೆ. ಅಡಿಗೆ ಕೋಣೆಗೆ ಬನ್ನಿ. ಪಾತ್ರೆ ತೊಳೆಯುವ ತನಕ ನಾನು ಅಲ್ಲೇ ಇರುತ್ತೇನೆ.